ಸಿ3 ಹುಲ್ಲೇ, ಸಿ4 ಹುಲ್ಲೇ? ಹೊಲಕ್ಕೆ, ಮೇವಿಗೆ, ಅಂಗಳಕ್ಕೆ ಆಯ್ಕೆ ಮಾಡುವ ಮುನ್ನ

ಭತ್ತ, ರಾಗಿ, ಜೋಳ, ಗೋಧಿ, ಕಬ್ಬು, ಬಿದಿರು, ಗರಿಕೆ ಇವೆಲ್ಲವೂ ಒಂದೇ ಹುಲ್ಲಿನ ಕುಟುಂಬದವು. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆ ಮಾಡಿಕೊಳ್ಳುವ ವಿಷಯದಲ್ಲಿ ಈ ಕುಟುಂಬದೊಳಗೆ ಎರಡು ದಾರಿಗಳಿವೆ. ಭತ್ತ, ಗೋಧಿ, ಬಾರ್ಲಿ, ಓಟ್ಸ್ ಮತ್ತು ಬಿದಿರು ಸಿ3 ಎನ್ನುವ ಹಳೆಯ ದಾರಿಯಲ್ಲೇ ಉಳಿದಿವೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಬರಗು, ಹಾರಕ, ಊದಲು, ಕೊರಲೆ, ಮೆಕ್ಕೆಜೋಳ, ಕಬ್ಬು, ಗರಿಕೆ, ನೇಪಿಯರ್ ಮತ್ತು ಲಾವಂಚ ಸಿ4 ಎನ್ನುವ ಹೊಸ ದಾರಿಯವು. ಹೊಸದು ಎಂದ ಮಾತ್ರಕ್ಕೆ ಸಿ4 ಎಲ್ಲ ಕಡೆಯೂ ಮೇಲು ಎಂಬ ಮಾತು ತರಗತಿಗಳಲ್ಲೂ ಕೃಷಿಯ ಮಾತುಕತೆಗಳಲ್ಲೂ ಆಗಾಗ ಕೇಳಿಬರುತ್ತದೆ. ಆ ಮಾತು ಸರಿಯಲ್ಲ. ಸಿ4 ಎಂಬುದು ಬಿಸಿಲು, ಸೆಖೆ ಮತ್ತು ಇಂಗಾಲದ ಅಭಾವಕ್ಕೆಂದು ರೂಪುಗೊಂಡ ಏರ್ಪಾಡು. ಅದಕ್ಕೆ ತನ್ನದೇ ಆದ ಖರ್ಚಿದೆ, ಮತ್ತು ಆ ಖರ್ಚು ಗಿಟ್ಟುವ ಜಾಗ ಯಾವುದು ಎಂಬುದನ್ನು ತಿಳಿಯದೆ ಮಾಡಿದ ಆಯ್ಕೆ ರೈತನಿಗೂ ಹೈನುಗಾರನಿಗೂ ನಷ್ಟ ತರಬಹುದು.

ಖರ್ಚು ಎಲ್ಲಿದೆ

ಎರಡೂ ದಾರಿಗಳಲ್ಲಿ ಕೊನೆಗೆ ಸಕ್ಕರೆಯ ಕೆಲಸಕ್ಕೆ ಇಂಗಾಲವನ್ನು ಸೇರಿಸುವುದು ರುಬಿಸ್ಕೊ ಎಂಬ ಒಂದೇ ಕಿಣ್ವ. ಈ ಕಿಣ್ವಕ್ಕೆ ಒಂದು ಹಳೆಯ ದೋಷವಿದೆ: ಇಂಗಾಲದ ಡೈಆಕ್ಸೈಡನ್ನು ಹಿಡಿಯಬೇಕಾದ ಕಡೆ ಅದು ಆಮ್ಲಜನಕವನ್ನೂ ಹಿಡಿದುಬಿಡುತ್ತದೆ. ಭತ್ತದಂಥ ಸಿ3 ಎಲೆಯಲ್ಲಿ, 25 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ನಾಲ್ಕು ಬಾರಿಯಲ್ಲಿ ಹೆಚ್ಚು ಕಡಿಮೆ ಒಂದು ಬಾರಿ ಹೀಗಾಗುತ್ತದೆ, ಮತ್ತು ಬಿಸಿ ಏರಿದಂತೆ ತಪ್ಪಿನ ಪಾಲೂ ಏರುತ್ತದೆ. ತಪ್ಪಾಗಿ ಹಿಡಿದದ್ದನ್ನು ಸರಿಪಡಿಸಲು ಗಿಡವು ಶಕ್ತಿಯನ್ನು ವ್ಯಯಿಸಬೇಕು, ಈಗಾಗಲೇ ಹಿಡಿದಿದ್ದ ಇಂಗಾಲದಲ್ಲಿ ಒಂದಷ್ಟನ್ನು ಗಾಳಿಗೆ ಬಿಟ್ಟುಕೊಡಲೂ ಬೇಕು. ಇದನ್ನೇ ದ್ಯುತಿಉಸಿರಾಟ ಎನ್ನುತ್ತಾರೆ.

ಸಿ4 ಹುಲ್ಲುಗಳು ರುಬಿಸ್ಕೊವನ್ನು ಬದಲಿಸಲಿಲ್ಲ. ಅದು ಕೆಲಸ ಮಾಡುವ ಕೋಣೆಯನ್ನು ಬದಲಿಸಿದವು. ಎಲೆಯ ಹೊರಭಾಗದ ಕೋಶಗಳಲ್ಲಿ ಆಮ್ಲಜನಕಕ್ಕೆ ಮರುಳಾಗದ ಬೇರೊಂದು ಕಿಣ್ವವು ಇಂಗಾಲವನ್ನು ಮೊದಲು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿ ಮಾಡಿ, ನರಗಳ ಸುತ್ತ ಕವಚದಂತೆ ನಿಂತಿರುವ ದಪ್ಪ ಕೋಶಗಳಿಗೆ ಸಾಗಿಸುತ್ತದೆ. ಅಲ್ಲಿ ಆ ಆಮ್ಲ ಒಡೆದು ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹಲವು ಪಟ್ಟು ಸಾಂದ್ರವಾಗಿ ತುಂಬಿಕೊಳ್ಳುವುದರಿಂದ ರುಬಿಸ್ಕೊ ತಪ್ಪು ಮಾಡುವ ಅವಕಾಶವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಈ ಸಾಗಾಟ ಪುಕ್ಕಟೆಯಲ್ಲ. ಒಂದು ಅಣು ಇಂಗಾಲದ ಡೈಆಕ್ಸೈಡಿಗೆ ಸಿ3 ದಾರಿಯ ಮೂಲ ಖರ್ಚು ಮೂರು ಎಟಿಪಿ (ಜೀವಕೋಶ ಶಕ್ತಿಯನ್ನು ಖರ್ಚು ಮಾಡುವ ನಾಣ್ಯದಂಥ ಅಣು) ಆದರೆ ಸಿ4 ದಾರಿಯದು ಐದು. ಬಿಸಿಲು ಧಾರಾಳವಾಗಿರುವ ಕಡೆ ಹೆಚ್ಚುವರಿ ಎರಡು ಎಟಿಪಿ ಲೆಕ್ಕಕ್ಕೇ ಬಾರದು. ಮೋಡ ಕವಿದ ದಿನಗಳಲ್ಲಿ ಅಥವಾ ಮರದ ನೆರಳಿನಲ್ಲಿ ಅದು ದೊಡ್ಡ ಹೊರೆ. ಈಗಿನ ಗಾಳಿಯಲ್ಲಿ, ಸ್ಥೂಲವಾಗಿ, 25 ಡಿಗ್ರಿಗಿಂತ ಕೆಳಗೆ ಬೆಳಕಿನ ಬಳಕೆಯಲ್ಲಿ ಸಿ3 ಮುಂದು, 30 ಡಿಗ್ರಿಗಿಂತ ಮೇಲೆ ಸಿ4 ಮುಂದು. ನಡುವಿನ ಐದು ಡಿಗ್ರಿಗಳಲ್ಲಿ ತೀರ್ಮಾನ ಮಾಡುವುದು ನೀರು, ಗೊಬ್ಬರ ಮತ್ತು ತಳಿ.

ನೀರಿನ ಉಳಿತಾಯವೂ ಇದೇ ಏರ್ಪಾಡಿನಿಂದ ಬರುತ್ತದೆ. ಒಳಗೆ ಇಂಗಾಲವನ್ನು ಸಾಂದ್ರಗೊಳಿಸುವ ಎಲೆಗೆ ಪತ್ರರಂಧ್ರಗಳನ್ನು ಅಗಲವಾಗಿ ತೆರೆದಿಡುವ ಅಗತ್ಯವಿಲ್ಲ, ಆದ್ದರಿಂದ ಆವಿಯಾಗಿ ಹೋಗುವ ನೀರು ಕಡಿಮೆ. ಒಂದು ಕಿಲೋ ಒಣ ಪದಾರ್ಥ ಕಟ್ಟಲು ಭತ್ತ, ಗೋಧಿಗಳು ಎಲೆಯ ಮೂಲಕ 500ರಿಂದ 700 ಲೀಟರ್ ನೀರು ಬಿಟ್ಟರೆ ಜೋಳ ಮತ್ತು ಕಿರುಧಾನ್ಯಗಳಿಗೆ 250ರಿಂದ 350 ಲೀಟರ್ ಸಾಕಾಗುತ್ತದೆ. ರುಬಿಸ್ಕೊ ಕಡಿಮೆ ಸಾಕಾಗುವುದರಿಂದ ಎಲೆಯಲ್ಲಿ ಸಾರಜನಕವೂ ಕಡಿಮೆ ಸಾಕು. ಈ ಕೊನೆಯ ಮಾತನ್ನು ಮೇವಿನ ಲೆಕ್ಕಕ್ಕಾಗಿ ನೆನಪಿನಲ್ಲಿಡಬೇಕು.

ದಾರಿ ಕವಲೊಡೆದ ಬಗೆ

ಆಯ್ಕೆಯ ಸೂತ್ರವೆಲ್ಲ ಈ ದಾರಿ ಹುಟ್ಟಿದ ಚರಿತ್ರೆಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಅಗತ್ಯ.

ಹುಲ್ಲುಗಳಲ್ಲಿ ಸುಮಾರು 12,000 ಪ್ರಭೇದಗಳಿವೆ, ಅವುಗಳಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಸಿ4. ಇವು ಒಬ್ಬಳೇ ತಾಯಿಯ ಮಕ್ಕಳಲ್ಲ. ಡಿಎನ್‌ಎ ಹೋಲಿಕೆಯಿಂದ ಕಟ್ಟಿದ ವಂಶವೃಕ್ಷದ ಪ್ರಕಾರ ಹುಲ್ಲಿನ ಕುಟುಂಬವೊಂದರಲ್ಲೇ ಸಿ4 ದಾರಿ 22ರಿಂದ 24 ಬಾರಿ ಪ್ರತ್ಯೇಕವಾಗಿ ಮೂಡಿದೆ. ನಮ್ಮ ಸಿರಿಧಾನ್ಯದ ಅಂಗಡಿಯ ಡಬ್ಬಗಳ ಮುಂದೆ ನಿಂತು ಈ ಮಾತನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ರಾಗಿ ಒಂದು ವಂಶದಲ್ಲಿ ಈ ವಿದ್ಯೆ ಕಲಿತಿತು. ಜೋಳ, ಮೆಕ್ಕೆಜೋಳ, ಕಬ್ಬು ಸೇರಿದ ವಂಶ ಅದನ್ನು ಬೇರೆಯಾಗಿಯೇ ಕಲಿತಿತು. ನವಣೆ, ಸಜ್ಜೆ, ಬರಗು, ಸಾಮೆ, ಕೊರಲೆಗಳ ಬಳಗ ಮತ್ತೊಮ್ಮೆ, ಊದಲು ಮಗದೊಮ್ಮೆ, ಹಾರಕ ಇನ್ನೊಮ್ಮೆ. ಅಕ್ಕಪಕ್ಕದ ಸಾಲಿನಲ್ಲಿ ಬೆಳೆಯುವ ರಾಗಿ ಮತ್ತು ಜೋಳಗಳು ಒಂದೇ ಸಮಸ್ಯೆಗೆ ಒಂದನ್ನೊಂದು ನೋಡದೆ ಒಂದೇ ಬಗೆಯ ಉತ್ತರ ಕಂಡುಕೊಂಡವು. ಉತ್ತರದ ವಿವರದಲ್ಲಿ ಮಾತ್ರ ವ್ಯತ್ಯಾಸವಿದೆ: ಕವಚದ ಕೋಶದೊಳಗೆ ಆಮ್ಲವನ್ನು ಒಡೆಯಲು ಜೋಳ ಬಳಸುವ ಕಿಣ್ವ ಬೇರೆ, ರಾಗಿ ಬಳಸುವ ಕಿಣ್ವ ಬೇರೆ.

ಇಷ್ಟು ಬಾರಿ ಮೂಡಿದರೂ ಅದು ಮೂಡಿದ್ದು ಹುಲ್ಲಿನ ಮರದ ಒಂದೇ ದೊಡ್ಡ ಕೊಂಬೆಯಲ್ಲಿ. ಭತ್ತ, ಗೋಧಿ, ಬಿದಿರುಗಳಿರುವ ಇನ್ನೊಂದು ಕೊಂಬೆಯಲ್ಲಿ ಒಮ್ಮೆಯೂ ಇಲ್ಲ. ಮೊದಲ ಕೊಂಬೆಯ ಹುಲ್ಲುಗಳಲ್ಲಿ ಕವಚದ ಕೋಶಗಳು ಮೊದಲಿಗೇ ದೊಡ್ಡವಾಗಿದ್ದು, ನರಗಳೂ ಹತ್ತಿರ ಹತ್ತಿರ ಇದ್ದುದರಿಂದ ಉಳಿದ ಬದಲಾವಣೆಗಳಿಗೆ ನೆಲೆ ಸಿಕ್ಕಿತು ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ಬಲವಾದ ಕಾರಣ. ಕಾಲವನ್ನು ನೋಡಿದರೆ, ಅತಿ ಹಳೆಯ ಸಿ4 ಹುಲ್ಲುಗಳು ಹುಟ್ಟಿದ್ದು ಸುಮಾರು 3 ಕೋಟಿ ವರ್ಷಗಳ ಹಿಂದೆ, ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಗಣನೀಯವಾಗಿ ಇಳಿದ ಅವಧಿಯಲ್ಲಿ. ಆದರೆ ಅವು ಬಯಲುಗಳನ್ನು ಆಳತೊಡಗಿದ್ದು ಬಹಳ ತಡವಾಗಿ, 80ರಿಂದ 50 ಲಕ್ಷ ವರ್ಷಗಳ ಹಿಂದೆ. ಹುಟ್ಟುವುದಕ್ಕೆ ಇಂಗಾಲದ ಅಭಾವ ಕಾರಣವಾದರೆ ಹರಡುವುದಕ್ಕೆ ಒಣ ಋತು, ಬೆಂಕಿ, ಕಾಡು ತೆರವಾದ ಬಯಲು ಇವೆಲ್ಲ ಕೂಡಿ ಬರಬೇಕಾಯಿತು. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನ ಪದರಗಳಲ್ಲಿ ಈ ತಿರುವು ಸ್ಪಷ್ಟವಾಗಿ ದಾಖಲಾಗಿದೆ.

ಮಣ್ಣು ಇದನ್ನು ಹೇಳುವುದು ಹೇಗೆ? ಇಂಗಾಲದ ಭಾರವಾದ ರೂಪ, ಅಂದರೆ ಸಮಸ್ಥಾನಿ (ಐಸೊಟೋಪ್), ಕಾರ್ಬನ್-13 ಸಿ3 ಗಿಡಗಳಲ್ಲಿ ಹೆಚ್ಚು ಕೊರತೆಯಾಗಿರುತ್ತದೆ. ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿದರೆ ಅವುಗಳಲ್ಲಿ ಸಾವಿರಕ್ಕೆ ಸುಮಾರು 27ರಷ್ಟು ಕಡಿಮೆ, ಸಿ4 ಗಿಡಗಳಲ್ಲಿ ಸುಮಾರು 13ರಷ್ಟು ಮಾತ್ರ ಕಡಿಮೆ. ಗಿಡ ಕೊಳೆತರೂ ಈ ಗುರುತು ಮಣ್ಣಿನಲ್ಲಿ, ಮೇಯ್ದ ಪ್ರಾಣಿಯ ಹಲ್ಲು ಮೂಳೆಗಳಲ್ಲಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಮಣ್ಣನ್ನು ಇದೇ ರೀತಿ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದ ಒಣಗಾಲದಲ್ಲಿ ಅಲ್ಲಿ ಸಿ4 ಹುಲ್ಲುಗಳು ಮೇಲುಗೈ ಪಡೆದಿದ್ದವೆಂದೂ, ಮುಂದೆ ಮಳೆ ಬಲಗೊಂಡಾಗ ಸಿ3 ಗಿಡಗಳು ಹಬ್ಬಿದವೆಂದೂ ತೋರಿಸಿದರು. ಇದೇ ಗುರುತಿನಿಂದ ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಬೆರೆಸಿದ್ದನ್ನು ಪತ್ತೆ ಹಚ್ಚುತ್ತಾರೆ. ಅಕ್ಕಿಯಿಂದ ಮಾಡಿದ ಪಾಕ ಬೆರೆಸಿದರೆ ಆ ಪರೀಕ್ಷೆಗೆ ಸಿಕ್ಕುವುದಿಲ್ಲ, ಏಕೆಂದರೆ ಭತ್ತವೂ ಹೂವಿನ ಗಿಡಗಳಲ್ಲಿ ಬಹುಪಾಲೂ ಸಿ3.

ಹೊಲಕ್ಕೆ

ಕರಾವಳಿ ಮತ್ತು ಮಲೆನಾಡಿನ ಮುಂಗಾರಿನಲ್ಲಿ, ತಿಂಗಳುಗಟ್ಟಲೆ ಮೋಡ ಮುಸುಕಿ, ಹಗಲಿನ ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲೇ ಇದ್ದು, ಗದ್ದೆಯಲ್ಲಿ ನೀರು ನಿಲ್ಲುವ ಕಡೆ ಭತ್ತವನ್ನು ಬಿಟ್ಟು ಸಿ4 ಧಾನ್ಯಕ್ಕೆ ಹೋಗಬೇಕೆಂಬ ಸಲಹೆಗೆ ಶರೀರಶಾಸ್ತ್ರದ ಆಧಾರವಿಲ್ಲ. ಅಲ್ಲಿ ಸಿ4 ದಾರಿಯ ಲಾಭ ಹೆಚ್ಚುಕಡಿಮೆ ಶೂನ್ಯವಾಗುತ್ತದೆ, ಮತ್ತು ಬೇರು ನೀರಿನಲ್ಲಿ ಮುಳುಗಿದರೆ ಜೋಳ, ಮೆಕ್ಕೆಜೋಳಗಳು ಬದುಕುವುದೇ ಕಷ್ಟ. ಇದಕ್ಕೆ ವಿರುದ್ಧವಾಗಿ ಕೋಲಾರ, ತುಮಕೂರು, ಚಿತ್ರದುರ್ಗಗಳ ಮಳೆಯಾಶ್ರಿತ ಕೆಂಪುನೆಲದಲ್ಲಿ ಕೊಳವೆಬಾವಿಯ ಕೊನೆಯ ಹನಿಯನ್ನು ಎತ್ತಿ ಭತ್ತ ಬೆಳೆಯುವುದು, ರಾಗಿ ಅರ್ಧ ನೀರಿನಲ್ಲಿ ಮಾಡುವ ಕೆಲಸಕ್ಕೆ ಎರಡು ಪಟ್ಟು ತೆತ್ತಂತೆ. ಇಲ್ಲಿ ನನ್ನ ಮಾತಿನಲ್ಲಿ ಅಳುಕಿಲ್ಲ: ನೀರನ್ನು ಕೊಂಡು ಹಾಯಿಸಬೇಕಾದ ಜಾಗದಲ್ಲಿ ಸಿ4 ಧಾನ್ಯವೇ ಸರಿ.

ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತ ನಡುವಿನ ದಾರಿಯಲ್ಲವೇ ಎಂದು ಹಲವರು ಕೇಳುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಶಾರದಾ ಎಂಬ ತಳಿ ಇದಕ್ಕೆ ಹೆಸರಾಗಿದೆ. ಈ ಪದ್ಧತಿಯಲ್ಲಿ ಇಂಗಿ ಹೋಗುವ ನೀರು ಮತ್ತು ಗದ್ದೆಯ ಮೇಲ್ಮೈಯಿಂದ ಆವಿಯಾಗುವ ನೀರು ಉಳಿಯುತ್ತದೆ, ಮತ್ತು ಆ ಉಳಿತಾಯ ದೊಡ್ಡದೇ. ಆದರೆ ಎಲೆಯ ಮೂಲಕ ಹೋಗುವ ನೀರಿನ ಲೆಕ್ಕ ಸಿ3ರದ್ದೇ ಆಗಿ ಉಳಿಯುತ್ತದೆ. ಅದನ್ನು ಬೇಸಾಯದ ಪದ್ಧತಿ ಬದಲಿಸಲಾರದು. ಅಕ್ಕಿಯೇ ಬೇಕು ಎನ್ನುವ ಮನೆಗೆ ಇದು ಒಳ್ಳೆಯ ಆಯ್ಕೆ, ರಾಗಿಯ ಜಾಗಕ್ಕೆ ಬದಲಿಯಲ್ಲ.

ಹಿಂಗಾರಿನಲ್ಲಿ ಲೆಕ್ಕ ತುಸು ಸೂಕ್ಷ್ಮ. ವಿಜಯಪುರ, ಬಾಗಲಕೋಟೆ, ಧಾರವಾಡಗಳ ಎರೆ ನೆಲದಲ್ಲಿ ಒಂದೇ ಕಾಲದಲ್ಲಿ ಬಿಳಿಜೋಳವೂ ಗೋಧಿಯೂ ಬೆಳೆಯುತ್ತವೆ. ಚಳಿಗಾಲದ ತಂಪು ಗೋಧಿಯ ಸಿ3 ಎಲೆಗೆ ಅನುಕೂಲ, ಆದ್ದರಿಂದ ಒಂದೆರಡು ನೀರು ಕೊಡುವ ಶಕ್ತಿ ಇದ್ದರೆ ಗೋಧಿ ಸೋಲುವುದಿಲ್ಲ. ಎರೆಮಣ್ಣು ಹಿಡಿದಿಟ್ಟ ಹಸಿಯೊಂದನ್ನೇ ನಂಬಿದ್ದರೆ ಮಾಲದಂಡಿಯಂಥ ಜೋಳವೇ ಭದ್ರ. ದಂಟಿನ ಮೇವೂ ಜೊತೆಗೆ ಸಿಗುತ್ತದೆ.

ಸಿ4 ಎಂದರೆ ಕಡಿಮೆ ನೀರು ಎಂದು ಮಾತ್ರ ಓದಿಕೊಂಡವರಿಗೆ ಎರಡು ಎಚ್ಚರಿಕೆಗಳಿವೆ. ಕಬ್ಬು ಸಿ4 ಹುಲ್ಲೇ, ಆದರೂ ಅದು ವರ್ಷವಿಡೀ ಹೊಲದಲ್ಲಿ ನಿಂತು ರಾಶಿಗಟ್ಟಲೆ ಪದಾರ್ಥ ಕಟ್ಟುವುದರಿಂದ ಒಟ್ಟು ನೀರಿನ ಬೇಡಿಕೆ 1,500 ಮಿಲಿಮೀಟರಿನಿಂದ 2,500ರವರೆಗೂ ಹೋಗುತ್ತದೆ. ಕಿಲೋ ಲೆಕ್ಕದ ಮಿತವ್ಯಯವೇ ಬೇರೆ, ಎಕರೆ ಲೆಕ್ಕದ ಬೇಡಿಕೆಯೇ ಬೇರೆ. ಮೆಕ್ಕೆಜೋಳವೂ ಸಿ4; ಆದರೆ ಹೂಬಿಡುವ ಹೊತ್ತಿನಲ್ಲಿ ಹತ್ತು ದಿನ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಬರ ತೀರಾ ಕಠಿಣವಾದಾಗ ಸಿ4 ಎಲೆಯ ಮೇಲುಗೈಯೂ ಕುಂದುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡದ್ದು. ರಾಗಿಯ ಗಟ್ಟಿತನದಲ್ಲಿ ಸಿ4 ದಾರಿಯ ಪಾಲು ಒಂದಾದರೆ, ಒಣಗಿದಂತೆ ಕಂಡು ಮಳೆ ಬಿದ್ದೊಡನೆ ಚಿಗುರುವ ಅದರ ಗುಣದ ಪಾಲು ಇನ್ನೊಂದು.

ಭತ್ತವನ್ನೇ ಆರಿಸಿಕೊಂಡವರು ಗದ್ದೆಯೊಳಗಿನ ಪೈಪೋಟಿಯನ್ನು ಮರೆಯಬಾರದು. ಊದಲಿನ ಕಾಡುಜಾತಿಗಳು ಭತ್ತದ ಗದ್ದೆಯ ದೊಡ್ಡ ಕಳೆ, ಮತ್ತು ಅವು ಸಿ4. ಎಳೆಯ ಪೈರಿನಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಆದರೆ ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ಅದು ಕಾಂಡಕ್ಕೆ ಸೇರುವ ಗೆಣ್ಣನ್ನು ನೋಡಿದರೆ ಭತ್ತದಲ್ಲಿ ತೆಳ್ಳನೆಯ ಬಿಳಿ ಪೊರೆಯೊಂದು ನಿಂತಿರುತ್ತದೆ; ಊದಲಿನಲ್ಲಿ ಆ ಜಾಗ ನುಣುಪಾಗಿ ಬರಿದಾಗಿರುತ್ತದೆ. ಸೆಖೆಯ ಬೇಸಿಗೆ ಬೆಳೆಯಲ್ಲಿ ಈ ಕಳೆ ಭತ್ತವನ್ನು ಮೀರಿ ಬೆಳೆಯುತ್ತದೆ. ಅದರ ದೌರ್ಬಲ್ಯ ನೆರಳು. ಭತ್ತದ ಎಲೆಗಳು ಬೇಗ ಕೂಡಿಕೊಂಡು ನೆಲ ಮುಚ್ಚುವಂತೆ ನೋಡಿಕೊಂಡರೆ, ಮೊದಲ ನಾಲ್ಕು ವಾರ ಕಳೆ ತೆಗೆದರೆ, ಅರ್ಧ ಯುದ್ಧ ಗೆದ್ದಂತೆ.

ಭತ್ತವನ್ನೇ ಸಿ4 ಮಾಡುವ ಪ್ರಯತ್ನ 2008ರ ಸುಮಾರಿಗೆ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ಆರಂಭವಾಗಿ, ನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಮುಂದುವರಿದಿದೆ. ನರಗಳ ಅಂತರ, ಕವಚದ ಕೋಶಗಳ ಹಸಿರು, ಸಾಗಾಟದ ಕಿಣ್ವಗಳು ಎಲ್ಲವೂ ಒಟ್ಟಿಗೆ ಬದಲಾಗಬೇಕಾದ ಕೆಲಸವಿದು, ಅದೂ ಪ್ರಕೃತಿ ಒಮ್ಮೆಯೂ ಈ ದಾರಿ ತುಳಿಯದ ಕೊಂಬೆಯಲ್ಲಿ. ಪ್ರಯತ್ನದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಈಗಿನ ಆಯ್ಕೆಯನ್ನು ಅದಕ್ಕಾಗಿ ಮುಂದೂಡಬಾರದು.

ಮೇವಿಗೆ

ರಾಶಿ ಬೇಕೆಂದರೆ ಸಿ4, ಸತ್ವ ಬೇಕೆಂದರೆ ಸಿ3 ಎಂಬುದು ಮೇವಿನಲ್ಲಿ ಸ್ಥೂಲ ನಿಯಮ. ಹೈಬ್ರಿಡ್ ನೇಪಿಯರನ್ನು ಒಮ್ಮೆ ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ; ಇಷ್ಟು ಹಸಿ ಮೇವು ಕೊಡುವ ಸಿ3 ಹುಲ್ಲು ನಮ್ಮ ಹವೆಯಲ್ಲಿ ಇಲ್ಲ. ಆದರೆ ಸಿ4 ಎಲೆಯಲ್ಲಿ ಸಾರಜನಕ ಕಡಿಮೆ ಎಂದರೆ ಹಸುವಿಗೆ ಸಿಗುವ ಪ್ರೋಟೀನೂ ಕಡಿಮೆ. ನರಗಳು ಒತ್ತೊತ್ತಾಗಿದ್ದು ಅವುಗಳ ಕವಚದ ಗೋಡೆ ದಪ್ಪವಾಗಿರುವುದರಿಂದ ಹೊಟ್ಟೆಯಲ್ಲಿ ಕರಗುವುದೂ ನಿಧಾನ. ಕೊಯ್ಲು ತಡವಾದಷ್ಟೂ ಈ ಕೊರತೆ ಹೆಚ್ಚುತ್ತದೆ. ಆದ್ದರಿಂದ ನೇಪಿಯರ್ ಹಾಕುವವರು ಅಲಸಂದೆ ಅಥವಾ ಕುದುರೆ ಮೆಂತ್ಯದ ಒಂದು ಪಟ್ಟಿಯನ್ನೂ ಹಾಕುವುದು ಸೂಕ್ತ.

ಚಳಿಗಾಲದಲ್ಲಿ ಈ ಲೆಕ್ಕ ಕಣ್ಣೆದುರಿಗೇ ತಿರುಗುತ್ತದೆ. ಡಿಸೆಂಬರಿನಲ್ಲಿ ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವ ಬೀದರ್, ಧಾರವಾಡ, ಬೆಂಗಳೂರು ಗ್ರಾಮಾಂತರದ ಕಡೆ ನೇಪಿಯರ್ ಕುಂಟತೊಡಗುತ್ತದೆ, ಎಳೆ ಮೆಕ್ಕೆಜೋಳದ ಎಲೆ ಹಳದಿಯಾಗುತ್ತದೆ. ಸಿ4 ದಾರಿಯ ಕೆಲವು ಕಿಣ್ವಗಳಿಗೆ ಚಳಿ ಆಗದು. ಅದೇ ಹೊತ್ತಿಗೆ ಅಕ್ಟೋಬರ್ ಕೊನೆಗೆ ಬಿತ್ತಿದ ಓಟ್ಸ್ ಮೊಣಕಾಲು ದಾಟಿ ಹಸಿರುಕ್ಕಿ ನಿಂತಿರುತ್ತದೆ. ನೀರಾವರಿ ಇರುವ ಒಂದೆಕರೆ ಮೇವಿನ ಜಮೀನಿನಲ್ಲಿ ಮುಕ್ಕಾಲು ಭಾಗ ನೇಪಿಯರ್, ಕಾಲು ಭಾಗ ಹಿಂಗಾರಿ ಓಟ್ಸ್ ಎಂಬುದು ನಾನು ಹೇಳುವ ಹಂಚಿಕೆ. ಫೆಬ್ರವರಿ ದಾಟಿದ ಮೇಲೆ ಓಟ್ಸ್ ಉಳಿಸಿಕೊಳ್ಳಲು ನೀರು ಸುರಿಯುವುದು ವ್ಯರ್ಥ.

ತೆಂಗಿನ ತೋಟದ ನೆರಳಿಗೆ ಬಂದರೆ, ಸಿ4 ಹುಲ್ಲಿಗೆ ನೆರಳಾಗದು ಎಂಬ ಮಾತಿಗೆ ಗಿನಿ ಹುಲ್ಲು ಒಂದು ಅಪವಾದ. ಅರೆನೆರಳಿನಲ್ಲಿ ಅದು ಉಪಯುಕ್ತ ಬೆಳವಣಿಗೆ ತೋರಿಸುತ್ತದೆ, ನೇಪಿಯರ್ ಅಷ್ಟು ತೋರಿಸುವುದಿಲ್ಲ. ದಟ್ಟ ಅಡಿಕೆ ತೋಟದೊಳಗೆ ಎರಡೂ ಬೇಡ.

ಅಂಗಳಕ್ಕೆ

ಇದು ಸುಲಭ. ಕರ್ನಾಟಕದಲ್ಲಿ ಹುಲ್ಲುಹಾಸಿಗೆ ಗರಿಕೆಯ ಜಾತಿಯ ಬರ್ಮುಡಾ ಮೊದಲಾದ ಸಿ4 ಹುಲ್ಲುಗಳೇ ತಕ್ಕವು. ತಂಪು ನಾಡಿನ ಫೆಸ್ಕ್ಯೂ, ರೈ ಹುಲ್ಲುಗಳ ಬೀಜ ತಂದು ಹಾಕಿದರೆ ಏಪ್ರಿಲ್ ದಾಟಿಸುವುದು ಕಷ್ಟ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಇದರ ತಿರುವುಮುರುವು ಅನುಭವವಾಗಿರುತ್ತದೆ: ಅಲ್ಲಿ ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂಗಳಂಥ ಸಿ3 ಹುಲ್ಲು ವಸಂತ ಮತ್ತು ಶರತ್ಕಾಲಗಳಲ್ಲಿ ನಳನಳಿಸಿ ಜುಲೈ ಸೆಖೆಗೆ ಕಂದುತ್ತದೆ, ಟೆಕ್ಸಾಸಿನ ಬರ್ಮುಡಾ ಜುಲೈಯಲ್ಲಿ ಹಸಿರಾಗಿದ್ದು ಚಳಿಗಾಲದಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಮಲಗುತ್ತದೆ. ಹುಲ್ಲು ಸತ್ತಿತೆಂದು ಕಿತ್ತುಹಾಕುವ ಅಗತ್ಯವಿಲ್ಲ.

ಮುಂದಿನ ವರ್ಷಗಳು

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕೈಗಾರಿಕೆಗಳಿಗೆ ಮುಂಚೆ ದಶಲಕ್ಷಕ್ಕೆ 280 ಭಾಗವಿದ್ದದ್ದು ಈಗ 420ನ್ನು ದಾಟಿದೆ. ಸಿ4 ಹುಟ್ಟಿದ್ದೇ ಇದರ ಅಭಾವಕ್ಕೆ ಉತ್ತರವಾಗಿ, ಆದ್ದರಿಂದ ಏರಿಕೆಯ ಲಾಭ ಸಿ3 ಬೆಳೆಗಳಿಗೆ ಎಂದು ಬಹುಕಾಲ ನಂಬಲಾಗಿತ್ತು. ಇಳುವರಿಯ ಮಟ್ಟಿಗೆ ಇದರಲ್ಲಿ ಸತ್ಯವಿದೆ, ಆದರೆ ಕಾಳಿನ ಸತ್ವ ಬೇರೆ ಮಾತು ಹೇಳುತ್ತದೆ. ಹೆಚ್ಚಿಸಿದ ಇಂಗಾಲದ ಡೈಆಕ್ಸೈಡಿನಲ್ಲಿ ಬಯಲಲ್ಲೇ ಬೆಳೆದ ಬೆಳೆಗಳ 2014ರ ವಿಶ್ಲೇಷಣೆಯಲ್ಲಿ ಗೋಧಿಯ ಸತು ಶೇಕಡಾ 9ರಷ್ಟು, ಅಕ್ಕಿಯ ಪ್ರೋಟೀನ್ ಶೇಕಡಾ 8ರಷ್ಟು ಕುಸಿದಿತ್ತು; ಮೆಕ್ಕೆಜೋಳ ಮತ್ತು ಜೋಳಗಳಲ್ಲಿ ಇಂಥ ಕುಸಿತ ಅಷ್ಟಾಗಿ ಕಾಣಲಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ 20 ವರ್ಷ ನಡೆದು 2018ರಲ್ಲಿ ವರದಿಯಾದ ಹುಲ್ಲುಗಾವಲಿನ ಪ್ರಯೋಗ ಇನ್ನೊಂದು ಅಚ್ಚರಿ ತಂದಿತು: ಮೊದಲ 12 ವರ್ಷ ಹೆಚ್ಚಿನ ಇಂಗಾಲದ ಡೈಆಕ್ಸೈಡಿನ ಲಾಭ ಸಿ3 ಹುಲ್ಲುಗಳಿಗೆ ಸಿಕ್ಕಿತು, ಕೊನೆಯ 8 ವರ್ಷ ಅದು ಸಿ4 ಹುಲ್ಲುಗಳ ಪಾಲಾಯಿತು. ಮಣ್ಣಿನ ಸಾರಜನಕದ ಚಲನೆಯಲ್ಲಾದ ಬದಲಾವಣೆ ಅದಕ್ಕೆ ಕಾರಣವಿರಬೇಕೆಂದು ಸಂಶೋಧಕರು ತಿಳಿಸಿದರು. ಹೀಗಿರುವಾಗ ಇಂಗಾಲದ ಏರಿಕೆಯೊಂದನ್ನೇ ನಂಬಿ ಬೆಳೆ ಬದಲಿಸುವುದು ದುಡುಕು. ಸೆಖೆ ಮತ್ತು ನೀರಿನ ಲೆಕ್ಕವೇ ಇನ್ನೂ ಮೊದಲು ಬರುತ್ತದೆ.

ಗುರುತು ಗೊತ್ತಿಲ್ಲದ ಹುಲ್ಲು ಕೈಗೆ ಬಂದರೆ

ಹೊಸ ಹೆಸರಿನ ಮೇವಿನ ಬೀಜವೋ ಕಡ್ಡಿಯೋ ಸಿಕ್ಕಾಗ ಅದು ಯಾವ ದಾರಿಯದೆಂದು ಎಲೆಯನ್ನೇ ನೋಡಿ ಬಹುಮಟ್ಟಿಗೆ ಊಹಿಸಬಹುದು. ಬಲಿತ ಎಲೆಯನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ಪಕ್ಕದಲ್ಲಿ ಒಂದು ಭತ್ತದ ಎಲೆಯನ್ನೂ ಒಂದು ಜೋಳದ ಎಲೆಯನ್ನೂ ಇಟ್ಟು ಹೋಲಿಸಬೇಕು. ಸಿ4 ಎಲೆಯಲ್ಲಿ ಎರಡು ನರಗಳ ಕವಚಗಳ ನಡುವೆ ಸಾಮಾನ್ಯವಾಗಿ ಎರಡೇ ಕೋಶಗಳ ಅಂತರವಿರುವುದರಿಂದ ಗೆರೆಗಳು ಒತ್ತಾಗಿ, ಕಡುಹಸಿರಾಗಿ ಕಾಣುತ್ತವೆ. ಭತ್ತದಲ್ಲಿ ಅಂತರ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಸ್ಟ್ರಿಯಾದ ಸಸ್ಯವಿಜ್ಞಾನಿ ಹಾಬರ್‌ಲಾಂಟ್ ಸೂಕ್ಷ್ಮದರ್ಶಕದಲ್ಲಿ ಈ ಹಸಿರು ಉಂಗುರವನ್ನು ನೋಡಿ ಅದಕ್ಕೆ ಜರ್ಮನ್ ಭಾಷೆಯಲ್ಲಿ ಹೂವಿನ ದಂಡೆ ಎಂಬರ್ಥದ ಕ್ರಾನ್ಜ್ ಎಂದು ಹೆಸರಿಟ್ಟರು. ಆ ದಂಡೆಯ ಕೆಲಸವೇನೆಂದು ತಿಳಿಯಲು 1965ರಲ್ಲಿ ಹವಾಯಿಯ ಕಬ್ಬಿನ ಪ್ರಯೋಗಾಲಯದವರೂ 1966ರಲ್ಲಿ ಬ್ರಿಸ್ಬೇನಿನ ಹ್ಯಾಚ್ ಮತ್ತು ಸ್ಲ್ಯಾಕ್ ಅವರೂ ತಮ್ಮ ಫಲಿತಾಂಶ ಪ್ರಕಟಿಸುವವರೆಗೆ ಕಾಯಬೇಕಾಯಿತು.

ಶಾಲೆಯ ಪ್ರಯೋಗಶಾಲೆಯ ಅನುಕೂಲವಿದ್ದರೆ ಇನ್ನೊಂದು ಪರೀಕ್ಷೆಯಿದೆ. ದಿನವಿಡೀ ಬಿಸಿಲುಂಡ ಮೆಕ್ಕೆಜೋಳದ ಎಲೆಯ ತುಂಡನ್ನು ಸಂಜೆ ಕೊಯ್ದು, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಸ್ಪಿರಿಟ್ಟಿನಲ್ಲಿ ಹಸಿರು ಬಿಡುವವರೆಗೆ ನೆನೆಸಿ, ತೊಳೆದು, ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಸ್ಪಿರಿಟ್ ಹೊತ್ತಿಕೊಳ್ಳುವುದರಿಂದ ಹತ್ತಿರ ಬೆಂಕಿ ಇರಬಾರದು. ಸ್ವಲ್ಪ ಹೊತ್ತಿನಲ್ಲಿ ಬಿಳಿಚಿದ ತುಂಡಿನ ಮೇಲೆ ನರಗಳ ಗುಂಟ ಕಪ್ಪು ಗೆರೆಗಳು ಒಂದರ ಪಕ್ಕ ಒಂದು ಮೂಡುತ್ತವೆ, ಮತ್ತು ಹಗಲೆಲ್ಲ ಕೂಡಿಟ್ಟ ಪಿಷ್ಟವೆಲ್ಲ ಆ ಕವಚದ ಕೋಶಗಳಲ್ಲೇ ಇದೆ ಎಂಬುದು ಬರಿಗಣ್ಣಿಗೇ ಕಾಣಿಸುತ್ತದೆ.